ಮಾಚಪ್ಪನ ಹೆಸರು ಯಾರಿಗೆ ಬೇಕು?

ಕೇಳಿ ಮಕ್ಕಳೇ, ನಡುನಡುವೆ ಹೂಂಗುಟ್ಟೋದು ಮರೀಬೇಡಿ. ಒಂದು ರಾಜ್ಯದಲ್ಲಿ ಮಾಚಪ್ಪ ಅಂತ ದವಸದ ವ್ಯಾಪಾರಿ ಇದ್ದ. ಸೇರಿನ ತಳಕ್ಕೆ ಮೇಣ ಮೆತ್ತಿ ರಾಗಿ ಅಳೆಯುತ್ತಿದ್ದ. ಬಡವರ ಹೊಟ್ಟೆ ಮೇಲೆ ಹೊಡೆದು ತನ್ನ ಹೊಟ್ಟೆ ಬೆಳೆಸಿದ್ದ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಹೆಸರುವಾಸಿಯಾದವರಿಗೆ ರಾಜ ಶಾಲು ಹೊದಿಸುತ್ತಿದ್ದ. ಆದರೆ ಅದೇ ಹೊತ್ತಿಗೆ ಯಾರಾದರೊಬ್ಬ ತಾಯಿ ತನ್ನ ಕೂಸಿಗೆ ಆ ಹೆಸರಿಡಬೇಕು. ಕೂಸಿಲ್ಲದಿದ್ದರೆ ಶಾಲೂ ಇಲ್ಲ.

ಮಾಚಪ್ಪನಿಗೆ ಶಾಲಿನ ಆಸೆ ಹತ್ತಿತು. ಮಗಳು ಚಂದ್ರವ್ವ ಆಗತಾನೆ ಗಂಡು ಹೆತ್ತಿದ್ದಳು. ಮೊಮ್ಮಗನಿಗೆ ಅಜ್ಜನ ಹೆಸರು, ಇನ್ನು ಕೇಳಬೇಕೇ! ನೆಟ್ಟಗೆ ಅರಮನೆಗೆ ಹೋದ.

"ಮಾಸ್ವಾಮಿ, ನನ್ನ ಹೆಸರು ಗೊತ್ತಿಲ್ಲದ ಮನೇನೇ ಇಲ್ಲ!"

ರಾಜ ಅರಮನೆಯ ಮುದಿ ದಾದಿ ಹೊನ್ನಜ್ಜಿಯನ್ನು ಕರೆದ. "ಇವನ ಜೊತೆ ಹೋಗಿ ನೋಡ್ಕೊಂಡು ಬಾ ಅಜ್ಜಿ."

ಮಾಚಪ್ಪ ಗುರುತು ಸಿಗದಂತೆ ಮುಸುಕು ಹೊದ್ದು ಹೊರಟ. ಮೊದಲನೇ ಊರಲ್ಲಿ ಮಗುವೊಂದು ರಚ್ಚೆ ಹಿಡಿದಿತ್ತು. "ಮಾಚಪ್ಪ ಬಂದ, ಸುಮ್ನಿರು!" ಅಂದಳು ತಾಯಿ. ಮಗು ಗಪ್‌ಚಿಪ್. "ನೋಡಿದ್ಯಾ ಅಜ್ಜಿ, ಹಾಲುಗಲ್ಲದ ಮಗೂಗೂ ನಾನು ಗೊತ್ತು!" ಅಂತ ಮಾಚಪ್ಪ ಉಬ್ಬಿದ.

ಎರಡನೇ ಊರಲ್ಲಿ ಅಗಸನೊಬ್ಬ, ಪಕ್ಕದವರ ಹೊಲಕ್ಕೆ ಬಾಯಿ ಹಾಕಿದ ಕತ್ತೆಯನ್ನು ಅಟ್ಟುತ್ತಿದ್ದ. "ಏ ಮಾಚಪ್ಪ, ಕಂಡೋರದ್ದು ತಿಂತೀಯಾ!" ಮಾಚಪ್ಪ ಇನ್ನಷ್ಟು ಉಬ್ಬಿದ. "ಮೂಕ ಪ್ರಾಣಿಗೂ ನನ್ನ ಹೆಸರೇ!"

ಮೂರನೇ ಊರಲ್ಲಿ ಹಾಲು ಮಾರುವವಳು ಆಣೆ ಹಾಕುತ್ತಿದ್ದಳು. "ನೀರು ಬೆರೆಸಿದ್ರೆ ನಾನು ಆ ಮಾಚಪ್ಪನಂಗೇ ಹಾಳಾಗೋಗ್ಲಿ!" ಮಾಚಪ್ಪನ ಕಿವಿಗೆ ಬಿದ್ದದ್ದು ಹೆಸರೊಂದೇ. ಹೊನ್ನಜ್ಜಿ ಎಲೆಯಡಿಕೆ ಜಗಿಯುತ್ತಾ ಒಳಗೊಳಗೇ ನಕ್ಕಳು.

"ನಿಜ ಮಾಸ್ವಾಮಿ, ಎಲ್ರ ಬಾಯಲ್ಲೂ ಇವನೇ," ಅಂದಳು ಅರಮನೆಗೆ ಬಂದು. ಬಳಿಕ ತುಂಬಿದ ಸಭೆಯ ನಡುವೆ ತೊಟ್ಟಿಲು ಕಟ್ಟಿಸಿ ಕೂಗಿದಳು: "ಮಾಚಪ್ಪ ಅಂತ ಹೆಸರಿಡೋರು ಬನ್ನಿ!"

ಒಬ್ಬ ತಾಯಿಯೂ ಬರಲಿಲ್ಲ. ಮತ್ತೆ ಕೂಗಿದಳು. ಮುಂದಿದ್ದವರು ಕೂಸುಗಳನ್ನು ಸೆರಗಲ್ಲಿ ಮುಚ್ಚಿಕೊಂಡರು. ಮೂರನೇ ಸಲ ಮಾಚಪ್ಪ ತಾನೇ ಕೂಗಿದ: "ಬಾ ಮಗಳೇ!"

ಚಂದ್ರವ್ವ ಕೂಸನ್ನು ಎದೆಗೊತ್ತಿಕೊಂಡು ಅತ್ತಳು. "ನಿನ್ ಮೇಲೆ ಪ್ರೀತಿ ಇಲ್ಲ ಅಂತಲ್ಲ ಅಪ್ಪಾ. ಆದ್ರೆ ಈ ಕಂದನ್ನ ಆ ಹೆಸರಿಡಿದು ಕೂಗಿದ್ರೆ ಊರಿನ ಕತ್ತೆಗಳೆಲ್ಲ ತಿರುಗಿ ನೋಡ್ತವೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಮಾಚಪ್ಪನೊಬ್ಬ ನಗಲಿಲ್ಲ. ಆ ಮೂರೂ ಊರಿನ ಮಾತು ಅವನಿಗೆ ಈಗ ಪೂರ್ತಿ ಕೇಳಿಸಿತು. ಖಾಲಿ ತೊಟ್ಟಿಲನ್ನೊಮ್ಮೆ ನೋಡಿ ಎದ್ದು ನಡೆದ.

ಮನೆಗೆ ಹೋಗಿ ಸೇರು ತಂದ. ಎಲ್ಲರೆದುರು ಕೂತು, ತಳದ ಮೇಣವನ್ನು ಉಗುರಲ್ಲೇ ಕೆರೆದ.

"ಕೆರಿ, ಚೆನ್ನಾಗಿ ಕೆರಿ," ಅಂದಳು ಹೊನ್ನಜ್ಜಿ. "ಮಗಳು ಇನ್ನೊಂದು ಹೆತ್ತಾಗ ನೋಡೋಣ."

ತಿಳೀತಾ ಮಕ್ಕಳೇ? ಊರಿಗೆಲ್ಲ ಗೊತ್ತಾದವನೆಲ್ಲ ಪ್ರಖ್ಯಾತನಲ್ಲ. ಕೆಟ್ಟದ್ದು ಮಾಡಿ ಹೆಸರಾದವನು ಕುಖ್ಯಾತ. ಹೆತ್ತ ತಾಯಿ ಮನಸಾರೆ ತನ್ನ ಕೂಸಿಗೆ ಇಡುವಂಥದ್ದೇ ಒಳ್ಳೆಯ ಹೆಸರು.