ಒಳಗಣ್ಣ ಗೌರಿಯೂ ಮೂರು ಕಾಲಿನ ಗಡಿಗೆಯೂ

ಅಕ್ಷತೆ ಕೈಯಲ್ಲಿ ಹಿಡಿದು ದೀಪದ ಕಡೆ ಮುಖ ಮಾಡಿ ಕೂತವರೆಲ್ಲ ಕೇಳಿ. ನಿಂತವರು ಕೂತು ಕೇಳಿ.

ಶಿಂಷಾ ಹೊಳೆಯ ದಂಡೆಯಲ್ಲಿ ಹೊಳೆಸಾಲೆಂಬ ಊರಿದ್ದು, ಆ ಊರಿನಲ್ಲಿ ಚೆಲುವಯ್ಯನೆಂಬ ಕುಂಬಾರನಿದ್ದು, ಅವನಿಗೆ ಪುಟ್ಟನಿಂಗಿಯೆಂಬ ಹೆಂಡತಿಯಿದ್ದಳು. ತಿರುಗುವ ತಿಗುರಿಚಕ್ರದ ಮೇಲಿಟ್ಟರೆ ಮಣ್ಣು ತಾನೇ ನಾಚಿಕೊಂಡು ಗಡಿಗೆಯಾಗುವಂಥ ಕೈ ಅವನದು. ಏಳು ಹಳ್ಳಿಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ; ಇರಲಿಲ್ಲವೆಂದು ಏಳು ಹಳ್ಳಿಗೂ ಅವನೇ ಹೇಳಿ ಬಂದಿದ್ದನು.

ಪುಟ್ಟನಿಂಗಿ ಶ್ರಾವಣದ ಶುಕ್ರವಾರಗಳಲ್ಲಿ ಒಳಗಣ್ಣ ಗೌರಿಯ ವ್ರತ ಹಿಡಿಯುವಳು. ಹಸಿ ಮಣ್ಣಿನ ಮುದ್ದೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಏನನ್ನೂ ಬೇಡದೆ, ಹಿಂದೆ ಕಂಡದ್ದನ್ನೇ ಮತ್ತೊಮ್ಮೆ ಕಾಣುವುದು. ಹೊಳೆದದ್ದನ್ನು ಅಂದೇ ಒಂದೇ ಒಂದು, ಅಂಗೈಯಷ್ಟು ಮಾಡಿ ನೋಡುವುದು. ಇಷ್ಟೇ ವ್ರತ.

“ಕಣ್ಣು ಮುಚ್ಚಿದರೆ ನಿದ್ದೆ ಬತ್ತದೆ ಕಣೆ, ಗಡಿಗೆ ಬರಾಕಿಲ್ಲ” ಎಂದು ಚೆಲುವಯ್ಯ ನಕ್ಕು, ವ್ರತದ ಮುದ್ದೆಯನ್ನು ಅವಳ ಕೈಯಡಿಯಿಂದಲೇ ಕಿತ್ತು ತಿಗುರಿಗೆ ಹಾಕಿದನು.

ಅಂದಿನಿಂದ ಅವನ ವ್ಯಾಪಾರ ನಿಂತಿತು. ಸಂತೆಯಲ್ಲಿ ಹೆಂಗಸರು ಬಂದು, ಗಡಿಗೆಯೆತ್ತಿ, ತಳವನ್ನು ಅಂಗೈಯಿಂದ ಸವರಿ, ಮೆಲ್ಲಗೆ ಇಟ್ಟು, “ಆಮೇಲೆ ಬತ್ತೀವಿ ಕಣಣ್ಣ” ಎಂದು ಹೋದರು. “ನನ್ನ ಗಡಿಗೇಲಿ ಬಿರುಕು ಹುಡುಕ್ತೀಯೇನವ್ವ?” ಎಂದು ಇವನು ಸಿಡುಕಿದನು. ಪಕ್ಕದೂರಿನವನು ಬಣ್ಣ ಬಳಿದು ಮಾರಿದನೆಂದು ಕೇಳಿ ಇವನೂ ನೂರು ಗಡಿಗೆಗೆ ಬಣ್ಣ ಬಳಿದನು. ನೂರೂ ಮನೆಗೆ ವಾಪಸು ಬಂದವು. ಗಡಿಗೆ ಸುಡುವ ಆವಿಗೆ ತಣ್ಣಗಾಯಿತು. ಮುಂದಿನ ವರ್ಷದ ದೀಪಾವಳಿಯೊಳಗೆ ಗಿರಾಕಿ ಕುದುರದಿದ್ದರೆ ತಿಗುರಿಯನ್ನು ಅಟ್ಟಕ್ಕೇರಿಸಿ ಇಟ್ಟಿಗೆ ಗೂಡಿಗೆ ಕೂಲಿ ಹೋಗುವುದೆಂದು ಆಯಿತು. ಅದನ್ನು ನೆನೆದಾಗಲೆಲ್ಲ ಚೆಲುವಯ್ಯ ಎದ್ದು ಹೋಗಿ ಬರಿದೇ ತಿಗುರಿ ತಿರುಗಿಸುವನು.

ಮರುವರ್ಷದ ಶ್ರಾವಣದಲ್ಲಿ ಅವನೇ ಮಣ್ಣು ಮಿದಿದು, ಅಂಗೈಯಿಟ್ಟು, ಹೆಂಡತಿಯ ಪಕ್ಕ ಬಾಯಿ ಮುಚ್ಚಿ ಕೂತನು. ದೇವಿ ಕಾಣಲಿಲ್ಲ. ಕಂಡದ್ದು ಬರೀ ಕೈಗಳು, ತಳ ಸವರುವ ಹೆಂಗಸರ ಕೈಗಳು. ಅವರು ಬಿರುಕು ಹುಡುಕುತ್ತಿರಲಿಲ್ಲ. ಈ ಗುಂಡು ತಳ ತಮ್ಮ ಮನೆಯಲ್ಲಿ ಎಲ್ಲಿ ಕೂತೀತೆಂದು ನೋಡುತ್ತಿದ್ದರು. ಮನೆಮನೆಯಲ್ಲೂ ಮಣ್ಣಿನ ನೆಲ ಹೋಗಿ, ಗುಂಡು ತಳ ಹಿಡಿಯುವ ಮೂರು ಗುಂಡುಕಲ್ಲಿನ ಒಲೆ ಹೋಗಿ, ನುಣ್ಣನೆಯ ಕಲ್ಲುಕಟ್ಟೆ ಬಂದಿತ್ತು. ತಳ ಚಪ್ಪಟೆ ಮಾಡಿದರೆ ಸುಡುವಾಗ ಅಂಚು ಬಿರಿಯುವುದು. ಹಾಗಾದರೆ ಒಲೆಯ ಮೂರು ಗುಂಡನ್ನೇ ಗಡಿಗೆಗೆ ಅಂಟಿಸಿದರೆ ಹೇಗೆ?

ಅಂದೇ ಅಂಗೈಯಷ್ಟು ಗಡಿಗೆ ಮಾಡಿ, ಮೈ ಒಣಗಿದ ಮೇಲೆ ಮೂರು ಕಾಲು ಹಚ್ಚಿ ಸುಟ್ಟನು. ಕಾಲು ಮೂರೂ ಉದುರಿದವು. ಅವನ ಮುಖ ನೋಡಿ ಪುಟ್ಟನಿಂಗಿ, “ಹೋದ ಸಲ ನೂರು ಹೋದವು, ಈ ಸಲ ಒಂದು. ತಾಯಿ ಅಗ್ಗದಲ್ಲೇ ಕಲಿಸ್ತಾವ್ಳೆ. ಮೈ ಹಸಿಯಾಗಿರುವಾಗಲೇ ಅಂಟಿಸು” ಎಂದಳು. ಹಾಗೇ ಮಾಡಲು ಕಾಲು ಕಚ್ಚಿ ನಿಂತವು.

ಸಂತೆಯಲ್ಲಿ ಒಬ್ಬಾಕೆ ಅದನ್ನು ಜಗಲಿಕಲ್ಲಿನ ಮೇಲಿಟ್ಟಳು. ಗಡಿಗೆ ಅಲುಗದೆ ಕೂತಿತು. “ಇದರ ದೊಡ್ಡಕ್ಕ ಇದ್ದರೆ ಕೊಡಣ್ಣ, ಮೊಸರಿಗೆ ಬೇಕು” ಎಂದಳು. ದೀಪಾವಳಿಯ ಹೊತ್ತಿಗೆ ವಾರಕ್ಕೆರಡು ಆವಿಗೆ ಉರಿದವು. ತಿಗುರಿ ನೆಲ ಬಿಟ್ಟೇಳಲಿಲ್ಲ. ಚೆಲುವಯ್ಯ ಹೊಗಳಿಕೊಳ್ಳುವುದನ್ನು ಬಿಟ್ಟನೆಂದಲ್ಲ. ಶುಕ್ರವಾರ ದೀಪ ಹಚ್ಚಿದ ಮೇಲೆ ಮಾತ್ರ ಸುಮ್ಮನಿರುವನು.

ಇಂತು ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ನಡುವೆ ತೂಕಡಿಸಿದವರಿಗೂ, ಮಾಡುವ ಕೆಲಸದಲ್ಲಿ ಹೊಸದು ಹೊಳೆಯಲಿ. ಹೊಳೆದದ್ದನ್ನು ಅಂದೇ ಮಾಡಿ ನೋಡುವ ಧೈರ್ಯವನ್ನು ಒಳಗಣ್ಣ ಗೌರಿ ಕೊಡಲಿ.