ಬೂದಿಯ ಬಟ್ಟಲು

"ತಾಯಿ, ನನ್ನನ್ನು ಬಿಟ್ಟುಹೋದವಳು ಮರಳಿ ಬಂದಿದ್ದಾಳೆ. ನಡುವಿನ ವರ್ಷಗಳಲ್ಲಿ ನಡೆದದ್ದನ್ನೆಲ್ಲ ಒಮ್ಮೆ ಕೇಳಿ ತಿಳಿದುಕೊಂಡರೆ ಮನಸ್ಸು ತಣ್ಣಗಾಗುವುದಿಲ್ಲವೇ?"

ಹೀಗೆ ಕೇಳಿದವನು ಬಸಲಿಂಗ ಎಂಬ ಶಿಷ್ಯ. ಕೇಳಿಸಿಕೊಂಡವರು ಆ ಮಠದ ಗುರುತಾಯಿ. ಅವರು ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾರು, ಪಾರವ್ವನೇ?"

"ಹೌದು ತಾಯಿ. ಆರು ವರ್ಷ ಇನ್ನೊಬ್ಬನ ಮನೆಯಲ್ಲಿ ಬಾಳಿದಳು. ಅವನು ತೀರಿಕೊಂಡ. ಈಗ ತವರಿಗೆ ಬಂದಿದ್ದಾಳೆ. ಮತ್ತೆ ಕೂಡಿ ಬಾಳೋಣವೆಂದು ಮಾತಾಡಿಕೊಂಡಿದ್ದೇವೆ. ಆದರೆ ನನಗೆ ಅನ್ನ ಸೇರುತ್ತಿಲ್ಲ."

"ಏನು ಕೇಳಬೇಕಾಗಿದೆ?"

"ಹದಿನೇಳು ಪ್ರಶ್ನೆಗಳಿವೆ. ಬರೆದಿಟ್ಟುಕೊಂಡಿದ್ದೇನೆ. ಅವು ಮುಗಿದರೆ ಮುಗಿಯಿತು. ಆಮೇಲೆ ಇನ್ನೊಂದನ್ನೂ ಕೇಳುವುದಿಲ್ಲ."

"ಅವಳು ನಿನ್ನನ್ನು ಏನು ಕೇಳಿದಳು?"

"ಊಟ ಆಯಿತೇ ಎಂದು ಕೇಳಿದಳು."

ಗುರುತಾಯಿ ಹತ್ತಿಯನ್ನು ಬದಿಗಿಟ್ಟರು. "ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅದೇ ಊರಿನಲ್ಲಿ ಒಬ್ಬಳು ಕೆಚ್ಚುವವಳಿದ್ದಳು. ಕೆಚ್ಚುವುದೆಂದರೇನೆಂದು ನಿನಗೆ ತಿಳಿದಿರಲಿಕ್ಕಿಲ್ಲ. ನೇಕಾರನು ಸೀರೆ ನೇಯ್ದು ಮುಗಿಸಿ ಕತ್ತರಿಸಿದಾಗ ಎಳೆಗಳನ್ನು ಪೂರ್ತಿಯಾಗಿ ಎಳೆದು ತೆಗೆಯುವುದಿಲ್ಲ. ಮಗ್ಗದಲ್ಲಿ ಬಾಚಣಿಗೆಯಂಥ ಹಣಿಗೆ ಇರುತ್ತದೆ. ಅದರ ಒಂದೊಂದು ಸಂದಿನಲ್ಲೂ ಹಳೆಯ ಎಳೆಯನ್ನು ಒಂದು ಗೇಣಿನಷ್ಟು ಉಳಿಸುತ್ತಾನೆ. ಹೊಸ ಸೀರೆಯ ಎಳೆಗಳನ್ನು ತಂದು, ಆ ಹಳೆಯ ತುದಿಗಳಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಎರಡು ಸಾವಿರಕ್ಕೂ ಮಿಕ್ಕಿ ಎಳೆಗಳು. ಬೆರಳು ಜಾರಬಾರದೆಂದು ಪಕ್ಕದಲ್ಲಿ ಬೂದಿಯ ಬಟ್ಟಲು ಇಟ್ಟುಕೊಂಡಿರುತ್ತಾರೆ. ಕೈ ಪಳಗಿದ ಹೆಂಗಸು ಬೆಳಿಗ್ಗೆ ಕುಳಿತರೆ ಇಳಿಹೊತ್ತಿಗೆ ಮುಗಿಸಿ ಏಳುತ್ತಾಳೆ.

ಅವಳು ಈ ನೇಕಾರನ ಮಗ್ಗಕ್ಕೆ ಕೆಚ್ಚಲು ಬರುತ್ತಿದ್ದಳು. ನೂರು ಎಳೆ ಕೂಡಿಸಿದ ಮೇಲೆ ಒಮ್ಮೆ ತಲೆ ಎತ್ತಿ ಅವನನ್ನು ನೋಡುತ್ತಿದ್ದಳು. ಅವನು ಆ ನೂರನೆಯ ಎಳೆಗೆ ಕಾಯುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಕಾರ್ತಿಕ ಕಳೆದ ಮೇಲೆ ನಿಮ್ಮ ಮನೆಗೆ ಹೆಣ್ಣು ಕೇಳಲು ಬರುತ್ತೇನೆ ಎಂದು ಅವನು ಹೇಳಿದ.

ಕಾರ್ತಿಕ ಕಳೆಯಿತು. ಅವನು ಹೋಗಲಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಇನ್ನೊಬ್ಬ ನೇಕಾರನ ಮಗ್ಗಕ್ಕೆ ಕೆಚ್ಚುವಾಗ ಅವಳು ಗಟ್ಟಿಯಾಗಿ ನಕ್ಕಳೆಂದು ಯಾರೋ ಅವನಿಗೆ ಹೇಳಿದ್ದರು. ಅವಳೇ ಬಂದು ಕಾರಣ ಹೇಳಲಿ ಎಂದು ಇವನು ಕುಳಿತ. ಅವನೇ ಬಂದು ಕೇಳಲಿ ಎಂದು ಅವಳು ಕುಳಿತಳು. ಕೆಲವು ತಿಂಗಳು ನೋಡಿ ಅವಳ ತಂದೆ ಹೊಳೆಯಾಚೆಯ ಊರಿನ ನೇಕಾರನಿಗೆ ಅವಳನ್ನು ಕೊಟ್ಟ.

ಹನ್ನೊಂದು ವರ್ಷ ಕಳೆದವು. ಆ ವರ್ಷಗಳಲ್ಲಿ ಅವಳು ಅಡುಗೆ ಮಾಡಿದಳು, ಕೆಚ್ಚಿದಳು, ಗಂಡನ ಆರೈಕೆ ಮಾಡಿದಳು, ಕೊನೆಗೆ ಅವನನ್ನು ಮಣ್ಣು ಮಾಡಿದಳು. ಇವನು ಏನು ಮಾಡಿದನೆಂದು ಈ ಕತೆ ಹೇಳುವವರು ಯಾರೂ ಹೇಳುವುದಿಲ್ಲ.

ಸುದ್ದಿ ತಿಳಿದ ಮೇಲೆ ನೇಕಾರ ನೂಲು ಮಾರುವವನೊಬ್ಬನ ಕೈಯಲ್ಲಿ ಹೇಳಿ ಕಳುಹಿಸಿದ: "ನನ್ನ ಮಗ್ಗ ಖಾಲಿ ಇದೆ. ಕೆಚ್ಚುವವರು ಬೇಕು."

ಅವಳು ತಿರುಗಿ ಹೇಳಿ ಕಳುಹಿಸಿದಳು: "ಕೆಚ್ಚಿ ಹೋಗಲು ಬರಬೇಕೋ, ಇರಲು ಬರಬೇಕೋ? ಈ ಸಲ ಬಾಯಿಬಿಟ್ಟು ಹೇಳು."

"ಇರಲು ಬಾ" ಎಂದು ಅವನು ಹೇಳಿ ಕಳುಹಿಸಿದ.

ಅವಳು ಬಂದಳು. ಬಂದವಳ ಹೆಗಲ ಮೇಲೆ ಒಂದು ಬಟ್ಟೆಯ ಗಂಟು, ಕಂಕುಳಲ್ಲಿ ಸುತ್ತಿಟ್ಟ ಎಳೆಗಳ ಹೊರೆ, ಹಣಿಗೆ ಸಮೇತ. ಅದು ಗಂಡ ಅರ್ಧಕ್ಕೆ ಬಿಟ್ಟುಹೋದ ನೇಯ್ಗೆ. ಆ ಸೀಮೆಯ ನೇಕಾರರಲ್ಲಿ ಒಂದು ಪದ್ಧತಿ ಇತ್ತು. ಸತ್ತವನು ಅರ್ಧಕ್ಕೆ ಬಿಟ್ಟ ಬಟ್ಟೆಯನ್ನು ನಡುವೆ ಕತ್ತರಿಸಬಾರದು. ಮನೆಯವರು ಅದನ್ನು ಕೊನೆಯವರೆಗೆ ನೇಯಬೇಕು. ಅದು ಮುಗಿದ ಮೇಲೆಯೇ ಅವನ ಹೆಂಡತಿ ಇನ್ನೊಂದು ಮನೆ ಸೇರಬಹುದು.

"ನಾಲ್ಕು ಮೊಳ ಉಳಿದಿದೆ. ನಿನ್ನ ಮಗ್ಗದ ಮೇಲೆ ಜಾಗ ಕೊಡು. ನೀನು ಮುಟ್ಟುವುದು ಬೇಡ, ನಾನೇ ನೇಯುತ್ತೇನೆ. ಅದು ಮುಗಿದರೆ ಅವನ ಋಣ ಮುಗಿಯಿತು. ಆಮೇಲೆ ನಿನ್ನ ಸೀರೆ ಉಡುತ್ತೇನೆ" ಎಂದಳು.

ಗಂಡನನ್ನು ಕಳೆದುಕೊಂಡವಳನ್ನು ಮತ್ತೆ ಮದುವೆಯಾಗುವುದಕ್ಕೆ ಅಲ್ಲಿ ಉಡಿಕೆ ಎನ್ನುತ್ತಿದ್ದರು. ಗಂಡು ತನ್ನದೊಂದು ಸೀರೆ ಉಡಿಸಿ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದಷ್ಟೇ ಅದರ ಶಾಸ್ತ್ರ. ನೇಕಾರನಾದರೆ ಆ ಸೀರೆಯನ್ನು ತಾನೇ ನೇಯಬೇಕು. ಅದಕ್ಕೆ ಬೇಕಾದ ನೂಲನ್ನು ಅವನು ಆಗಲೇ ತಂದಿಟ್ಟಿದ್ದ. ಅವನ ಸ್ವಂತ ಹಣಿಗೆಯನ್ನು ಗೆದ್ದಲು ತಿಂದಿತ್ತು. ಅವಳು ತಂದ ಹಣಿಗೆ ಗಟ್ಟಿಯಾಗಿತ್ತು. ಅದರಲ್ಲೇ ಉಡಿಕೆಯ ಸೀರೆಯನ್ನೂ ನೇಯಬಹುದೆಂದು ಇಬ್ಬರೂ ಒಪ್ಪಿದರು. ಅಮಾವಾಸ್ಯೆ ಕಳೆದು ಐದನೆಯ ದಿನ ಉಡಿಕೆ ಎಂದು ಹಿರಿಯರು ಗೊತ್ತುಮಾಡಿದರು. ಅಲ್ಲಿಯವರೆಗೆ ಅವಳು ಚಿಕ್ಕಮ್ಮನ ಮನೆಯಲ್ಲಿದ್ದು ಹಗಲು ಬಂದು ನೇಯ್ದು ಹೋಗುವುದೆಂದಾಯಿತು.

ಮೊದಲ ದಿನ ನೋಡಿದರೆ ದಾರಿಯಲ್ಲಿ ಕೆಲವು ಎಳೆಗಳು ಹರಿದಿದ್ದವು. ಅವನ್ನು ಕೂಡಿಸಬೇಕಾಗಿತ್ತು.

"ಬೂದಿ ಎಲ್ಲಿ?" ಎಂದು ಕೇಳಿದಳು.

ಅವನು ಗೋಡೆಯ ಗೂಡು ತೋರಿಸಿದ. ಅಲ್ಲೊಂದು ಹಿಡಿಯುಳ್ಳ ಮರದ ಬಟ್ಟಲಿತ್ತು. ಗಂಡಸರು ಕೆಚ್ಚುವುದಿಲ್ಲ, ಬೂದಿಯ ಬಟ್ಟಲನ್ನೂ ಇಟ್ಟುಕೊಳ್ಳುವುದಿಲ್ಲ. ಈ ಬಟ್ಟಲಿನ ಅಂಚು ಒಂದು ಕಡೆ ಎರಡು ಬೆರಳಿನಗಲ ಸವೆದಿತ್ತು. ಸವೆದದ್ದು ಹಿಡಿಯ ಎಡಗಡೆ. ಅದನ್ನು ಬಳಸಿದವಳು ಎಡಗೈಯವಳು, ಒಂದೆರಡು ದಿನ ಬಂದು ಹೋದವಳಂತೂ ಅಲ್ಲ. ಇವಳು ಆ ಬಟ್ಟಲನ್ನು ಒಂದು ಕ್ಷಣ ನೋಡಿದಳು. ತನ್ನ ಬಲಗೈಗೆ ಅನುಕೂಲವಾಗುವಂತೆ ತಿರುಗಿಸಿ ಇಟ್ಟುಕೊಂಡಳು. ಬೆರಳಿಗೆ ಬೂದಿ ಹಚ್ಚಿಕೊಂಡು ಕೆಲಸ ಶುರುಮಾಡಿದಳು.

ನೇಕಾರ ಹೊಸ್ತಿಲ ಮೇಲೆ ಕುಳಿತು ಅವಳ ಬೆರಳು ನೋಡುತ್ತಿದ್ದ. ಮದುವೆಗೆ ಮೊದಲು ಅವಳು ಎಳೆಯನ್ನು ಹೆಬ್ಬೆರಳಿನಿಂದ ಹೊರಕ್ಕೆ ಹೊಸೆಯುತ್ತಿದ್ದಳು. ಈಗ ಒಳಕ್ಕೆ ಹೊಸೆಯುತ್ತಿದ್ದಳು.

"ಹೀಗೆ ಹೊಸೆಯುವುದನ್ನು ಯಾರು ಕಲಿಸಿದರು?"

"ಅತ್ತೆ."

ಅತ್ತೆಯೇ ಕಲಿಸಿರಬಹುದು ಎಂದು ಅವನಿಗೂ ಅನಿಸಿತು. ಆದರೆ ಅತ್ತೆ ಕಲಿಸುವಾಗ ಆ ಗಂಡ ಪಕ್ಕದಲ್ಲಿ ಕುಳಿತು ನೋಡಿರಬೇಕು ಎಂದೂ ಅನಿಸಿತು. ಮಧ್ಯಾಹ್ನದ ರೊಟ್ಟಿಯನ್ನು ಅವನು ಅರ್ಧಕ್ಕೇ ಬಿಟ್ಟು ಎದ್ದ.

ಎರಡನೆಯ ದಿನ ಅವಳು ನೇಯಲು ಕುಳಿತಳು. ಅವನು ಮತ್ತೆ ಹೊಸ್ತಿಲಿಗೆ ಬಂದ.

"ಅವನು ನೇಯುವಾಗ ಹಾಡುತ್ತಿದ್ದನೇ?"

"ಕೆಮ್ಮುತ್ತಿದ್ದ."

"ನಿನ್ನನ್ನು ಏನೆಂದು ಕರೆಯುತ್ತಿದ್ದ?"

"ಹಸಿವಾದರೆ 'ಏ' ಎನ್ನುತ್ತಿದ್ದ. ಹಸಿವಾಗದಿದ್ದರೆ ಕರೆಯುತ್ತಲೇ ಇರಲಿಲ್ಲ. ಸಾಕೋ, ಇನ್ನೂ ಬೇಕೋ?"

ಅವಳು ನಕ್ಕು ಲಾಳಿ ಎಸೆದಳು. ಅವನಿಗೂ ನಗು ಬರಬೇಕಾಗಿತ್ತು. ಆದರೆ ಕೆಮ್ಮುತ್ತಿದ್ದ ಎನ್ನುವಾಗ ಅವಳ ದನಿ ಕೊಂಚ ಮೆತ್ತಗಾಯಿತೆಂದು ಅವನ ಕಿವಿಗೆ ಕೇಳಿಸಿತ್ತು. ಅಂದು ಸಂಜೆಯವರೆಗೂ ಅವನು ಆ ಕೆಮ್ಮನ್ನೇ ನೆನೆಯುತ್ತಿದ್ದ. ಸತ್ತವನ ಕೆಮ್ಮಿನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ಕೆಮ್ಮಿದಾಗಲೆಲ್ಲ ಇವಳು ನೀರು ಕೊಟ್ಟಿರುತ್ತಾಳೆ ಎಂದು ಲೆಕ್ಕ ಹಾಕಿದ.

ಮೂರನೆಯ ದಿನ ಹಳೆಯದನ್ನು ಕೆದಕಿದ.

"ಅಂದು ಆ ಕೊನೆಯ ಮನೆಯಲ್ಲಿ ಯಾಕೆ ನಕ್ಕೆ?"

ಅವಳ ಕೈ ನಿಂತಿತು. "ಅದಕ್ಕಾಗಿಯೇ ಬರಲಿಲ್ಲವೇ ನೀನು?"

ಅವನು ಹೌದೆಂದು ತಲೆಯಾಡಿಸಿದ.

"ಅವರ ಮನೆಯ ಮೇಕೆ ನೂಲಿನ ಗಂಜಿ ಕುಡಿದು ಮೂತಿಯೆಲ್ಲ ಬೆಳ್ಳಗೆ ಮಾಡಿಕೊಂಡು ಒಳಗೆ ಬಂತು. ಅತ್ತೆ ಮನೆಗೆ ಬಂದ ಹೊಸ ಅಳಿಯನ ಹಾಗಿತ್ತು. ನಕ್ಕೆ." ಮತ್ತೆ ಲಾಳಿ ಕೈಗೆತ್ತಿಕೊಂಡು ಹೇಳಿದಳು: "ಒಂದು ಮೇಕೆಗೆ ಹನ್ನೊಂದು ವರ್ಷ ಕೊಟ್ಟೆವಲ್ಲೋ."

ಇಲ್ಲಿಗೆ ಅವನ ಹೊಟ್ಟೆ ತಣ್ಣಗಾಗಬೇಕಾಗಿತ್ತು. ಆಗಲಿಲ್ಲ. ಅಂದು ಆ ಮನೆಯವನೂ ನಕ್ಕಿರಬೇಕಲ್ಲ, ಇಬ್ಬರೂ ಒಟ್ಟಿಗೆ ನಕ್ಕಿರಬೇಕಲ್ಲ ಎಂದು ಅವನು ಯೋಚಿಸತೊಡಗಿದ. ಒಂದು ಉತ್ತರ ಸಿಕ್ಕರೆ ಅದರ ಕಂಕುಳಿಂದ ಎರಡು ಪ್ರಶ್ನೆಗಳು ಇಳಿಯುತ್ತಿದ್ದವು. ಅವಳು ನೇಯುತ್ತಲೇ ಉತ್ತರ ಹೇಳಿದಳು. ಆ ಮನೆಯಲ್ಲಿ ಯಾವ ಕಡೆ ತಲೆ ಹಾಕಿ ಮಲಗುತ್ತಿದ್ದೆ ಎಂದು ಕೇಳಿದ, ಹೇಳಿದಳು. ಅವನು ಸತ್ತಾಗ ಎಷ್ಟು ದಿನ ಅತ್ತೆ ಎಂದು ಕೇಳಿದ, ಅದನ್ನೂ ಹೇಳಿದಳು.

ಏಳನೆಯ ದಿನ ನಾಲ್ಕು ಮೊಳ ಮುಗಿಯಿತು. ಅವಳು ಬಟ್ಟೆಯನ್ನು ಕತ್ತರಿಸಿ, ಮಡಿಸಿ, ಕಣ್ಣಿಗೊತ್ತಿಕೊಂಡು, ಸತ್ತವನ ತಮ್ಮನಿಗೆ ತಲುಪಿಸಲು ಕಳುಹಿಸಿಕೊಟ್ಟಳು. ಹಣಿಗೆಯಲ್ಲಿ ಒಂದು ಗೇಣು ಎಳೆ ಉಳಿಯಿತು.

"ಉಡಿಕೆಗೆ ಒಂಬತ್ತು ದಿನ ಇದೆ. ನಾಳೆ ಕೆಚ್ಚುತ್ತೇನೆ. ನಾಳಿದ್ದು ನೀನು ಮಗ್ಗಕ್ಕೆ ಇಳಿ" ಎಂದಳು. ಅವಳ ಮುಖ ಅಂದು ಹಗುರವಾಗಿತ್ತು. ಹನ್ನೊಂದು ವರ್ಷಗಳ ಹಿಂದೆ ನೂರನೆಯ ಎಳೆಯ ಮೇಲೆ ತಲೆ ಎತ್ತುತ್ತಿದ್ದ ಹಾಗೆ ತಲೆ ಎತ್ತಿ ಅವನನ್ನು ನೋಡಿದಳು. ಅವನು ಅದನ್ನು ನೋಡಲಿಲ್ಲ. ಅವನು ಹಣಿಗೆಯನ್ನು ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅವಳು ಗಂಜಿ ಹಾಕಿದ ನೂಲನ್ನು ತರಲು ಹೋದಳು. ನೇಕಾರ ಒಬ್ಬನೇ ಉಳಿದ. ಹಣಿಗೆಯ ಮುಂದೆ ಕುಳಿತ. ಆ ಎಳೆಗಳೆಲ್ಲ ಸತ್ತವನ ಕೈಯಿಂದ ಬಂದವು. ತಾನು ಅವಳಿಗೆಂದು ನೇಯುವ ಸೀರೆಯ ಒಂದೊಂದು ಎಳೆಯೂ ಅವನ ಎಳೆಯ ತುದಿ ಹಿಡಿದುಕೊಂಡೇ ಮಗ್ಗಕ್ಕೆ ಬರಬೇಕು. ಹೀಗೆ ಯೋಚಿಸಿದ್ದೇ ಅವನ ಮೈ ಉರಿಯಿತು. ಕತ್ತರಿ ತೆಗೆದುಕೊಂಡ. ಎಳೆಗಳನ್ನು ಹಿಡಿಹಿಡಿಯಾಗಿ ಕತ್ತರಿಸಿ ಎಳೆದು ಹಾಕಿದ. ಒಂದನ್ನೂ ಉಳಿಸಲಿಲ್ಲ. ಎಲ್ಲವನ್ನೂ ಒಯ್ದು ಒಲೆಗೆ ಹಾಕಿದ.

ಅವನು ನೇಕಾರ. ಖಾಲಿ ಹಣಿಗೆ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಎರಡು ಸಾವಿರ ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಬೇಕು. ಒಬ್ಬರು ಇತ್ತಲಿಂದ ಕೊಡಬೇಕು, ಇನ್ನೊಬ್ಬರು ಅತ್ತಲಿಂದ ಎಳೆದುಕೊಳ್ಳಬೇಕು. ದಿನಗಳು ಹಿಡಿಯುತ್ತವೆ. ಇರಲಿ ಎಂದುಕೊಂಡ. ಇಬ್ಬರೂ ಎದುರುಬದುರು ಕುಳಿತು ಪೋಣಿಸಿದರಾಯಿತು ಎಂದುಕೊಂಡ.

ಅವಳು ನೂಲು ತಂದಳು. ಮಗ್ಗದ ಮುಂದೆ ಕುಳಿತಳು. ಬಟ್ಟಲನ್ನು ತಿರುಗಿಸಿ ಪಕ್ಕದಲ್ಲಿಟ್ಟುಕೊಂಡಳು. ಬೆರಳಿಗೆ ಬೂದಿ ಹಚ್ಚಿಕೊಂಡು ಹಣಿಗೆಗೆ ಕೈ ಹಾಕಿದಳು. ಕೈಗೆ ಏನೂ ಸಿಗಲಿಲ್ಲ.

"ಯಾವುದಕ್ಕೆ ಕೂಡಿಸಲಿ?" ಎಂದು ಕೇಳಿದಳು.

"ಹೊಸದಾಗಿ ಪೋಣಿಸೋಣ. ಅವನ ಒಂದೆಳೆಯೂ ತಾಗದ ಸೀರೆಯನ್ನು ನಿನಗೆ ಉಡಿಸುತ್ತೇನೆ."

"ಅವನ ಎಳೆ ನಿನ್ನ ಸೀರೆಯೊಳಗೆ ಬರುತ್ತಿರಲಿಲ್ಲ. ಗಂಟಿನಿಂದ ಈಚೆಗೆ ಎಲ್ಲವೂ ನಿನ್ನದೇ ಆಗಿತ್ತು. ಗಂಟನ್ನು ಕೊನೆಗೆ ಕತ್ತರಿಸಿಯೇ ಸೀರೆ ಮಡಿಸುತ್ತಾರೆ. ನಿನಗೆ ಗೊತ್ತಿಲ್ಲವೇ?"

"ಗೊತ್ತು. ಆದರೂ ತಡೆದುಕೊಳ್ಳಲಾಗಲಿಲ್ಲ."

ಅವಳು ಒಲೆಯ ಕಡೆ ನೋಡಿದಳು. ಆಮೇಲೆ ಬೂದಿಯ ಬಟ್ಟಲನ್ನು ಕೈಗೆತ್ತಿಕೊಂಡಳು. ಸವೆದ ಅಂಚು ಅವನಿಗೆ ಕಾಣುವಂತೆ ಹಿಡಿದಳು.

"ಏಳು ದಿನ ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ನನಗೆ ಕೇಳುವುದಕ್ಕೆ ಒಂದೇ ಇತ್ತು. ಮೊದಲ ದಿನದಿಂದಲೂ ಕೈಯಲ್ಲೇ ಇತ್ತು. ನಾನು ಕೇಳಲಿಲ್ಲ. ಆ ಎಡಗೈಯವಳು ಸವೆಸಿದ ಬಟ್ಟಲಿನಿಂದಲೇ ನಿನ್ನ ಸೀರೆಗೆ ಕೆಚ್ಚಲು ಕುಳಿತೆ."

ಅವಳು ಬೆರಳ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. ಬಟ್ಟಲನ್ನು ಗೂಡಿನಲ್ಲಿ ಮೊದಲಿದ್ದ ಹಾಗೆಯೇ, ಸವೆದ ಅಂಚು ಎಡಕ್ಕೆ ಬರುವಂತೆ ಇಟ್ಟಳು. ತನ್ನ ಹಣಿಗೆಯನ್ನು ಮಗ್ಗದಿಂದ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಹೊಸ್ತಿಲ ಮೇಲೆ ಈಗ ಯಾರೂ ಕುಳಿತಿರಲಿಲ್ಲ. ದಾಟುವುದು ಸುಲಭವಾಯಿತು.

ಗುರುತಾಯಿ ಕತೆ ನಿಲ್ಲಿಸಿ ಮತ್ತೆ ಹತ್ತಿ ಕೈಗೆತ್ತಿಕೊಂಡರು.

ಬಸಲಿಂಗ ಬರೆದಿಟ್ಟುಕೊಂಡಿದ್ದ ಕಾಗದವನ್ನು ಸೊಂಟದಿಂದ ತೆಗೆದ. ಅದನ್ನು ಎರಡಾಗಿ ಹರಿದ, ನಾಲ್ಕಾಗಿ ಹರಿದ, ಚೂರುಗಳನ್ನು ಗುರುತಾಯಿಯ ಮುಂದೆ ಇಟ್ಟ. "ತಿಳಿಯಿತು ತಾಯಿ" ಎಂದು ಕೈ ಮುಗಿದು ಎದ್ದ. ಬಾಗಿಲವರೆಗೆ ಹೋದವನು ಅಲ್ಲಿ ನಿಂತ. ಹಿಂದಿರುಗಿ ನೋಡಿದ.

"ತಾಯಿ, ಆ ಎಡಗೈಯವಳು ಯಾರು?"

ಗುರುತಾಯಿ ಬತ್ತಿಯಿಂದ ಕಣ್ಣೆತ್ತಲಿಲ್ಲ.

"ಇದು ಹದಿನೆಂಟನೆಯದು" ಎಂದರು.