ಎತ್ತಿನ ಹಿಂದೆ ನಡೆದ ಗಾಣಿಗ

"ನಡೆದಾಡಿದರೆ ಒಳ್ಳೆಯದು ಅಂತ ನನಗೂ ಗೊತ್ತು, ಬುದ್ಧಿ. ಆದರೆ ಏಳುವ ಮನಸ್ಸೇ ಬರುವುದಿಲ್ಲ. ಆ ಮನಸ್ಸನ್ನು ಎಲ್ಲಿಂದ ತರಲಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಚೆನ್ನವೀರಯ್ಯ. ಮಠದ ಅಡುಗೆಮನೆಯಲ್ಲಿ ಕೊಪ್ಪರಿಗೆಗಟ್ಟಲೆ ಅನ್ನ ಬಸಿಯುತ್ತಲೇ ಮುದುಕನಾದವನು. ಈಗ ಸೌಟು ಬೇರೆಯವರ ಕೈಗೆ ಹೋಗಿತ್ತು. ಬೆಳಗಾದರೆ ಅವನು ಊದಿದ ಮಂಡಿಗಳನ್ನು ಚಾಚಿ ಮೊಗಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಈಚೆಗೆ ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದ. ಗುರುಗಳು ಇದನ್ನೆಲ್ಲ ನೋಡಿದ್ದರು. ಅವನ ಪಕ್ಕದಲ್ಲೇ ಕುಳಿತು ಕತೆ ಹೇಳತೊಡಗಿದರು.

ಒಬ್ಬ ಗಾಣಿಗನಿದ್ದ. ಹರೆಯದಿಂದಲೂ ಎತ್ತಿನ ಹಿಂದೆ ಗಾಣ ಸುತ್ತಿದವನು. ಎತ್ತು ಮುಂದೆ, ಅವನು ಹಿಂದೆ. ಒರಳಿನಿಂದ ಮೇಲೆದ್ದ ಎಳ್ಳನ್ನು ಕೋಲಿನಿಂದ ಒಳಕ್ಕೆ ತಳ್ಳುತ್ತ ಸುತ್ತುವುದೇ ಅವನ ಬದುಕು. ಕೂದಲು ಬೆಳ್ಳಗಾದ ಮೇಲೆ ಮಕ್ಕಳು ಗಾಣವನ್ನು ವಹಿಸಿಕೊಂಡರು. ಒಳ್ಳೆಯ ಮಕ್ಕಳು ಪಾಪ. ನೀನು ದುಡಿದದ್ದು ಸಾಕಪ್ಪ ಎಂದು ಅವನನ್ನು ಜಗಲಿಯ ಮೇಲೆ ಕೂರಿಸಿದರು. ಒಂದು ಕಡ್ಡಿಯನ್ನೂ ಆಚೆಯಿಂದ ಈಚೆಗೆ ಇಡಲು ಬಿಡಲಿಲ್ಲ. ಸೊಸೆಯರು ಕುಳಿತಲ್ಲಿಗೇ ಗಂಜಿ, ಕುಳಿತಲ್ಲಿಗೇ ಎಲೆಅಡಿಕೆ ತಂದುಕೊಟ್ಟರು.

ಅವನಿಗೂ ಒಂದು ಆಸೆಯಿತ್ತು. ತನ್ನ ಜೊತೆಯಲ್ಲೇ ಮುದಿಯಾದ ಎತ್ತಿನ ಬೆನ್ನು ಸವರಿ, ಇನ್ನು ಇದರ ಕುತ್ತಿಗೆಗೆ ನೊಗ ತಾಕಿಸಬೇಡಿ ಎಂದು ಮಕ್ಕಳಿಗೆ ಹೇಳಿದ. ಅವರು ಗಾಣಕ್ಕೆ ಬೇರೆ ಎತ್ತು ತಂದರು. ಹಳೆಯದನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಬಾಯಿ ಹತ್ತಿರ ಹುಲ್ಲು, ಹಿಂಡಿ ಇಟ್ಟರು. ಗಾಣಿಗನಿಗೆ ಋಣ ತೀರಿಸಿದಷ್ಟು ಸಮಾಧಾನವಾಯಿತು.

ವರ್ಷ ತುಂಬುವುದರೊಳಗೆ ಅವನ ಮಂಡಿಗಳು ಬಿಗಿದವು. ಹಿತ್ತಿಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕಾಯಿತು. ವೈದ್ಯನು ಬಂದು ನೋಡಿ, ಮದ್ದೇನೂ ಬೇಡ, ದಿನಾ ಹೊತ್ತಾರೆ ಗುಡಿಯನ್ನು ಸುತ್ತಿ ಬಾ ಎಂದ. ಗಾಣಿಗ ನಕ್ಕುಬಿಟ್ಟ.

"ಎಣ್ಣೆ ಬಾರದ ಸುತ್ತನ್ನು ಯಾಕಾದರೂ ಸುತ್ತಲಿ, ಸ್ವಾಮಿ?"

ಅವನನ್ನು ಸೋಮಾರಿ ಅಂದುಕೊಳ್ಳಬೇಡ, ಚೆನ್ನವೀರಯ್ಯ. ಕೆಲಸದ ಬೆನ್ನು ಹತ್ತಿ ನಡೆದವನಿಗೆ ಬರಿಗೈಯಲ್ಲಿ ನಡೆಯುವುದು ನಾಚಿಕೆ. ಒಂದೆರಡು ದಿನ ಬೆಳಗ್ಗೆ ಅವನು ಹೋಗಿ ನೋಡಿದ. ಗುಡಿಯ ಕಟ್ಟೆಯ ಮೇಲಿದ್ದವರು, ಏನು ಗಾಣಿಗರೇ, ಕಳೆದುಕೊಂಡದ್ದನ್ನು ಹುಡುಕುತ್ತಿದ್ದೀರಾ ಎಂದು ತಮಾಷೆ ಮಾಡಿದರು. ಮರುದಿನ ಮಂಡಿನೋವಿನ ನೆಪ ಹೇಳಿ ಜಗಲಿಯಲ್ಲೇ ಉಳಿದ. ಆಮೇಲೆ ನೆಪವೂ ಬೇಕಾಗಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಎತ್ತು ಮೇಲೇಳಲಿಲ್ಲ. ಬೆನ್ನು ಚಪ್ಪರಿಸಿದರು, ಬಾಲ ತಿರುಚಿದರು. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ದನದ ಮದ್ದು ಬಲ್ಲವನು ಬಂದು ಕಾಲು ಮುಟ್ಟಿ ನೋಡಿದ. ಇದಕ್ಕೆ ರೋಗವಿಲ್ಲ, ನಿಂತಲ್ಲೇ ನಿಂತು, ಬಿದ್ದಲ್ಲೇ ಬಿದ್ದು ಕೀಲು ಕಟ್ಟಿದೆ, ಇವತ್ತು ಎಬ್ಬಿಸಿ ನಡೆಸಿದರೆ ಉಂಟು, ಇಲ್ಲದಿದ್ದರೆ ಆಸೆ ಬಿಡಿ ಎಂದ. ಪ್ರೀತಿಯಿಂದ ಕೊಟ್ಟ ವಿಶ್ರಾಂತಿಯೇ ಅದನ್ನು ಕೊಲ್ಲುತ್ತಿತ್ತು. ಗಾಣಿಗ ಗೋದಲಿ ಹಿಡಿದು ನಿಂತು ಅತ್ತುಬಿಟ್ಟ.

ಊರವರು ಸೇರಿ ಹೊಟ್ಟೆಯ ಕೆಳಗೆ ಗಳ ಕೊಟ್ಟು ಎತ್ತನ್ನು ನಿಲ್ಲಿಸಿದರು. ನಿಂತಿತು. ಆದರೆ ಹೆಜ್ಜೆ ಇಡಲಿಲ್ಲ. ಹಿರಿಮಗ ಮೂಗುದಾರ ಹಿಡಿದು ಮುಂದಿನಿಂದ ಎಳೆದ. ಅದು ಕತ್ತು ಚಾಚಿತೇ ಹೊರತು ಕಾಲು ಕೀಳಲಿಲ್ಲ. ಮುಂದಿನಿಂದ ಎಳೆಸಿಕೊಂಡು ನಡೆದ ಎತ್ತೇ ಅಲ್ಲ ಅದು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಹಿಂದೆ ಬರುವವನ ಹೆಜ್ಜೆಯ ಸಪ್ಪಳ ಕೇಳುತ್ತ ನಡೆದದ್ದು. ಸಪ್ಪಳ ನಿಂತರೆ ಅದೂ ನಿಲ್ಲುತ್ತಿತ್ತು. ಇದು ಗೊತ್ತಿದ್ದವನು ಮುದುಕ ಒಬ್ಬನೇ.

ಅವನು ಪಟ್ಟಿ ತರಿಸಿ ತಾನೇ ಕಟ್ಟಿದ. ಹಿಂದೆ ಹೋಗಿ ನಿಂತು ಕಾಲನ್ನು ನೆಲಕ್ಕೆ ಊರಿದ. ಎತ್ತಿನ ಕಿವಿ ಹಿಂದಕ್ಕೆ ತಿರುಗಿತು. ಅವನು ಇನ್ನೊಂದು ಕಾಲು ಊರಿದ. ಎತ್ತು ನಡುಗುತ್ತ ಗೊರಸು ಎತ್ತಿ ಮುಂದಿಟ್ಟಿತು. ಅಂಗಳದ ಹುಣಸೆಮರವನ್ನು ಅರ್ಧ ಸುತ್ತುವಷ್ಟರಲ್ಲಿ ಅವನ ಮಂಡಿ ಹಿಡಿದುಕೊಂಡಿತು. ಕೂರೋಣವೆಂದು ನಿಂತ. ಎತ್ತೂ ನಿಂತಿತು. ಅದರ ತೊಡೆ ಅದುರುತ್ತಿತ್ತು. ಈಗ ತಾನು ಕೂತರೆ ಅದೂ ಕೂರುತ್ತದೆ, ಕೂತದ್ದು ಇನ್ನು ಏಳುವುದಿಲ್ಲ ಎಂದು ಅವನಿಗೆ ಹೊಳೆಯಿತು. ಹಲ್ಲು ಕಚ್ಚಿ ಹೆಜ್ಜೆ ಹಾಕಿದ.

ಮರುದಿನ ಬೆಳಕು ಹರಿಯುವ ಮೊದಲೇ ಯಾರೂ ಕರೆಯದೆ ಎದ್ದ. ಕೊಟ್ಟಿಗೆಯಲ್ಲಿ ಎತ್ತು ಮಲಗಿದೆಯೋ ನಿಂತಿದೆಯೋ ಎನ್ನುವುದೇ ಚಿಂತೆ. ಅವತ್ತು ಮರದ ಸುತ್ತ ನಡೆಸಿದ. ಬರಬರುತ್ತ ಓಣಿಯ ತುದಿಯವರೆಗೆ, ಆಮೇಲೆ ಕೆರೆಯವರೆಗೆ. ಬಿಸಿಲಿರಲಿ, ಜಡಿಮಳೆಯಿರಲಿ, ತಪ್ಪಿಸಲಿಲ್ಲ. ಕಟ್ಟೆಯವರ ತಮಾಷೆ ಈಗ ಅವನ ಕಿವಿಗೆ ಬೀಳಲೇ ಇಲ್ಲ. ಮಳೆಗಾಲ ಮುಗಿದ ಮೇಲೆ ವೈದ್ಯನು ಆ ದಾರಿಯಲ್ಲಿ ಬಂದ. ಕೆರೆಯ ಏರಿಯ ಮೇಲೆ ಎತ್ತಿನ ಹಿಂದೆ ಸರಸರ ನಡೆಯುತ್ತಿದ್ದವನನ್ನು ನೋಡಿ ಮೊದಲು ಗುರುತೇ ಹಿಡಿಯಲಿಲ್ಲ. ಹತ್ತಿರ ಹೋಗಿ, ಮಂಡಿ ಹೇಗಿದೆ ಎಂದು ಕೇಳಿದ. ಗಾಣಿಗ ತನ್ನ ಮಂಡಿಯನ್ನು ಬೇರೆ ಯಾರದೋ ಎನ್ನುವ ಹಾಗೆ ಬಗ್ಗಿ ನೋಡಿಕೊಂಡ. ಅದನ್ನು ವಿಚಾರಿಸಲು ಪುರುಸೊತ್ತಾಗಲಿಲ್ಲ ಎಂದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರಯ್ಯನ ಕಣ್ಣು ತೇವವಾಗಿತ್ತು. ಅವನಿಗೆ ಗಾಣಿಗನ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಆಗಿತ್ತು.

"ಅವನು ಪುಣ್ಯವಂತ, ಬುದ್ಧಿ. ತಾನು ಏಳದಿದ್ದರೆ ಸಾಯುವ ಒಂದು ಜೀವ ಅವನಿಗಿತ್ತು. ಹಿಂದಿಲ್ಲ ಮುಂದಿಲ್ಲದ ನನಗೆ ಯಾವ ಎತ್ತಿದೆ?"

ಗುರುಗಳು ಅವನ ಊದಿದ ಮಂಡಿಗಳ ಮೇಲೆ ಮೆಲ್ಲಗೆ ಕೈಯಿಟ್ಟರು.

"ಇಷ್ಟು ವರ್ಷ ನಿನ್ನನ್ನು ಹೊತ್ತು ದುಡಿದ ಈ ಎರಡನ್ನು ನೀನು ಯಾರ ಮನೆಯ ಎತ್ತುಗಳು ಅಂದುಕೊಂಡಿದ್ದೀಯಪ್ಪ?"